ಚಿಕ್ಕಪ್ಪನ ನಕಲಿಗೆ ಹಚ್ಚಿದ ಬೀಡಿ

"ಲೇ, ಅದನ್ನ ಬಾಯಿಂದ ತೆಗಿ!" ಎಂದು ಚಿಕ್ಕಪ್ಪ ನನ್ನ ತುಟಿಯಲ್ಲಿದ್ದ ಬೀಡಿಯನ್ನು ಕಿತ್ತುಕೊಂಡರು. ಬಸವಾಪಟ್ಟಣದ ಹೋಟೆಲಿನಲ್ಲಿ ಅವರು ಬೀಡಿ ಸೇದುತ್ತಿದ್ದ ಠೀವಿಯನ್ನೇ ನಕಲು ಮಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ನಟನೆ ಪಕ್ಕಾ ಇರಲೆಂದು ಪೆದ್ದ ನಾನು ಹಚ್ಚಿಯೂ ಇದ್ದೆ. ಅವರು ಕುಡಿತ ಬಿಟ್ಟು ಎರಡು ವರ್ಷ, ಬೀಡಿ ಬಿಟ್ಟು ಒಂಬತ್ತೇ ದಿನವಾಗಿತ್ತು.

ಬೀಡಿ ಹಿಡಿದ ಅವರ ಕೈ ತಾನಾಗಿಯೇ ತುಟಿಯ ಹತ್ತಿರ ಹೋಗಿ ನಿಂತಿತು. ಕೊನೆಗೆ ಅದನ್ನು ಚಹಾದ ಲೋಟದಲ್ಲಿ ಅದ್ದಿದರು.

"ನಿಮ್ಮಜ್ಜಂಗೂ ಬಿಡಾಕೆ ಆಗ್ಲಿಲ್ಲ. ಈ ಚಟ ರಕ್ತದಾಗೂ ಬರ್ತೈತೆ ಅಂತಾರೆ ಡಾಕ್ಟ್ರು. ನನ್ನ ಮೂಗು ನಿಂಗೆ ಬಂದೈತೆ, ಸಾಕು. ಇದು ಬ್ಯಾಡ."

ನಕಲಿಗೆ ಬೇಕೆಂಬ ನೆಪದಲ್ಲಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಬೀಡಿಕಟ್ಟು ಅಂದೇ ಒಲೆ ಸೇರಿತು. ಈಗಲೂ ಚಿಕ್ಕಪ್ಪನ ನಕಲು ಮಾಡುತ್ತೇನೆ, ಬೀಡಿ ಬಿಟ್ಟ ಮೇಲೆ ಅವರು ಮೆಲ್ಲಲು ಕಿಸೆಯಲ್ಲಿಟ್ಟುಕೊಳ್ಳುವ ಶೇಂಗಾ ಹಿಡಿದು. ಮೊದಲು ನಗುವವರು ಅವರೇ.