ಬಲಕ್ಕೇ ಓಡುವ ಅಕ್ಕ

ನನ್ನ ಅಕ್ಕನ ಲೆಕ್ಕದಲ್ಲಿ ವಿಡಿಯೋ ಗೇಮಿಗೆ ಇರುವುದು ಒಂದೇ ದಿಕ್ಕು, ಬಲ. ಪರದೆಯ ಎಡತುದಿಯಿಂದ ಹೊರಡಬೇಕು, ಸಿಕ್ಕಿದ್ದನ್ನೆಲ್ಲ ತಲೆಯಿಂದ ಗುದ್ದಬೇಕು, ಹೊಂಡ ಬಂದರೆ ಹಾರಬೇಕು, ಸತ್ತರೆ ಮೊದಲಿಂದ ಶುರು ಮಾಡಬೇಕು. ಹಿಂದೆ ಹೋಗುವ ಮಾತೇ ಇಲ್ಲ, ಯಾಕೆಂದರೆ ದಾಟಿ ಬಂದ ಜಾಗ ಆಗಲೇ ಪರದೆಯಿಂದ ಮಾಯವಾಗಿರುತ್ತಿತ್ತು. ಚಿಕ್ಕಂದಿನಲ್ಲಿ ಈ ಆಟಗಳಲ್ಲಿ ನಮ್ಮ ಬೀದಿಗೆಲ್ಲ ಅವಳೇ ರಾಣಿ. ನಾನು ಎರಡನೇ ಆಟಗಾರ. ಹಾಗಂದರೆ ಅವಳು ಸಾಯುವವರೆಗೂ ಪಕ್ಕದಲ್ಲಿ ಕಾಯುತ್ತ ಕೂರುವವನು. ಅವಳು ಸಾಯುತ್ತಿರಲಿಲ್ಲ. ನನ್ನ ಬಾಲ್ಯ ಹೆಚ್ಚುಕಡಿಮೆ ಹಾಗೇ ಕಳೆದುಹೋಯಿತು.

ಈಗ ಅವಳಿಗೆ ನಲವತ್ತೇಳು. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಶಾಲೆಯ ಯೂನಿಫಾರ್ಮು, ಕಿಟಕಿ ಪರದೆ ಹೊಲಿಯುತ್ತಾಳೆ. ಕೊರಳಲ್ಲಿ ಅಳತೆಯ ಟೇಪು ಸದಾ ಇರುತ್ತದೆ. ಅದನ್ನು ಹಾಕಿಕೊಂಡೇ ಒಮ್ಮೆ ಬ್ಯಾಂಕಿಗೆ ಹೋಗಿಬಂದಿದ್ದಾಳೆ. ಆಡಲು ಕೂತರೆ ಹಾರುವುದು ಪರದೆಯೊಳಗಿನ ಮನುಷ್ಯ ಮಾತ್ರವಲ್ಲ, ಅಕ್ಕನೂ ಹಾರುತ್ತಾಳೆ. ಗುಂಡಿ ಒತ್ತಿದ ಕೂಡಲೇ ರಿಮೋಟು ಹಿಡಿದ ಎರಡೂ ಕೈ ಹೆಗಲಿನವರೆಗೆ ಏಳುತ್ತವೆ. ವೇಗ ಬೇಕಾದಾಗ ಬಲಗಾಲು ಹೊಲಿಗೆ ಮಿಷಿನ್ನಿನ ಪೆಡಲ್ ತುಳಿದಂತೆ ನೆಲ ಒತ್ತುತ್ತದೆ. ಇದನ್ನೆಲ್ಲ ಹೇಳಿದರೆ ಅವಳು ಒಪ್ಪುವುದಿಲ್ಲ.

ಈಗಿನ ಆಟಗಳೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಅವಳಿಗೆ ಒಬ್ಬಳೇ ಮಗಳು, ಹದಿನಾರು ವರ್ಷದವಳು. ಆ ಹುಡುಗಿ ಆಡುವುದನ್ನು ಬಾಗಿಲಲ್ಲಿ ನಿಂತು ನೋಡಿ, "ಇದೂ ಒಂದು ಆಟಾನಾ? ಅರ್ಧ ಗಂಟೆಯಿಂದ ಕುದುರೆ ಮೇಲೆ ಹೋಗ್ತಾನೇ ಇದಾನೆ, ಒಬ್ರೂ ಅಡ್ಡ ಬರ್ಲಿಲ್ಲ. ಬಸ್ಸಲ್ಲಿ ಸೀಟು ಹಿಡಿಯೋದ್ರಲ್ಲೇ ಇದಕ್ಕಿಂತ ಸಾಹಸ ಇದೆ" ಎನ್ನುತ್ತಿದ್ದಳು. "ನಿನ್ನ ಆಟದಲ್ಲಿ ಇರೋದೇ ಒಂದು ದಾರಿ ಅಮ್ಮ, ಉದ್ದ ವರಾಂಡದಲ್ಲಿ ಓಡಿದ ಹಾಗೆ" ಎಂದು ಮಗಳು ತಿರುಗಿಸಿ ಕೊಡುತ್ತಿದ್ದಳು. ಪಕ್ಕಕ್ಕೆ ಓಡುವ ಆಟಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆ, ಆಗ ಹುಟ್ಟೇ ಇರದ ಹುಡುಗರು ಅಂಥವನ್ನೇ ಹೊಸದಾಗಿ ಮಾಡುತ್ತಿದ್ದಾರೆ ಎಂದು ನಾನು ಒಮ್ಮೆ ಹೇಳಿದೆ. "ಮಾಡ್ಲೇಬೇಕು, ಇನ್ನೇನ್ ಮಾಡ್ತಾರೆ?" ಎಂದಳು, ಅವರೆಲ್ಲ ಅವಳ ಅಪ್ಪಣೆ ಪಡೆದೇ ಕೆಲಸ ಶುರು ಮಾಡಿದವರ ಹಾಗೆ.

ಮುಂದೆ ಆದದ್ದಕ್ಕೆ ಮೂಲ ನಾನೇ. ಅವಳ ಹುಟ್ಟಿದ ದಿನಕ್ಕೆಂದು ನಮ್ಮ ಕಾಲದ ನಲವತ್ತು ಆಟಗಳ ಒಂದು ಕಟ್ಟು ಕೊಂಡೆ. ಮಗಳ ಗೇಮ್ ಮಿಷಿನ್ನಿಗೆ ಅದನ್ನು ಇಳಿಸಿಕೊಂಡರೆ ಸಾಕಿತ್ತು. ಮಗಳು ಕಾಲೇಜಿಗೆ ಹೋಗಿದ್ದಳು. ಅಕ್ಕ ತಮ್ಮ ಇಬ್ಬರೂ ಅವಳ ಕೋಣೆಯ ಟಿವಿ ಮುಂದೆ ಕೂತೆವು. ಜಾಗ ಇಲ್ಲ ಎಂದಿತು ಮಿಷಿನ್ನು. ನಮ್ಮ ಬಾಲ್ಯವೆಲ್ಲ ಸೇರಿ ಕೇಳುತ್ತಿದ್ದುದು ಅಂಗೈಯಗಲ ಜಾಗ, ಅದೂ ಇರಲಿಲ್ಲ. ಅಕ್ಕ ಪಟ್ಟಿ ತೆಗೆದು ನೋಡಿದಳು. ಎಲ್ಲಕ್ಕಿಂತ ದೊಡ್ಡದಾಗಿ ಮಗಳ ಒಂದು ಆಟ ಕೂತಿತ್ತು. ಅದನ್ನು ಅಳಿಸಿದರೆ ಇದುವರೆಗೆ ಆಡಿದ್ದೂ ಹೋಗುತ್ತದೆ, ಪರವಾಗಿಲ್ಲವೇ ಎಂದು ಮಿಷಿನ್ನು ಎರಡು ಸಲ ಕೇಳಿತು.

"ಅಕ್ಕ, ಅವಳನ್ನ ಒಂದು ಮಾತು ಕೇಳೋಣ" ಎಂದೆ.

"ಆಟ ತಾನೇ? ಸಂಜೆ ಮತ್ತೆ ಹಾಕ್ಕೊಂಡು ಮೊದಲಿಂದ ಆಡ್ತಾಳೆ ಬಿಡು" ಎಂದು ಗುಂಡಿ ಒತ್ತಿಯೇಬಿಟ್ಟಳು. ಅವಳಲ್ಲಿ ಕೇಡು ಇರಲಿಲ್ಲ. ನಮ್ಮ ಕಾಲದಲ್ಲಿ ಆಟವನ್ನು ಯಾರೂ ಉಳಿಸಿಟ್ಟವರಲ್ಲ. ದಿನಾ ಮೊದಲಿಂದಲೇ ಶುರು.

ಅಳಿಸಿಹೋದದ್ದು ಒಂದು ಊರು. ಎರಡು ವರ್ಷದಿಂದ ಆ ಹುಡುಗಿ ಒಬ್ಬಳೇ ಒಂದೊಂದು ಕಲ್ಲಿಟ್ಟು ಕಟ್ಟಿದ್ದು. ಬೇರೆ ಎಲ್ಲೂ ಅದರ ನಕಲು ಇಟ್ಟಿರಲಿಲ್ಲ. ಸಂಜೆ ಬಂದು ನೋಡಿದಳು, ಕೂಗಲಿಲ್ಲ, ಅಳಲೂ ಇಲ್ಲ. ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ಹನ್ನೊಂದು ದಿನ ತಾಯಿಯೊಂದಿಗೆ ಮಾತಿಲ್ಲ. ಊಟಕ್ಕೆ ಕರೆದರೆ ಬರುತ್ತಾಳೆ, ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ, ತಟ್ಟೆ ತೊಳೆದಿಟ್ಟು ಹೋಗುತ್ತಾಳೆ.

ಮೊದಲೆರಡು ದಿನ ಅಕ್ಕ ಬಿಗುಮಾನದಲ್ಲೇ ಇದ್ದಳು. "ಕೊನೇ ಹಂತಕ್ಕೆ ಬಂದಾಗ ಕರೆಂಟ್ ಹೋಗಿ ನಾನು ಎಷ್ಟು ಸಲ ಮೊದಲಿಂದ ಆಡಿಲ್ಲ? ಹೀಗೆ ಮುಖ ಊದಿಸ್ಕೊಂಡಿದ್ನಾ?" ಊದಿಸಿಕೊಂಡಿದ್ದಳು, ನಾನೇ ಸಾಕ್ಷಿ, ಆದರೆ ಬಾಯಿ ಬಿಡಲಿಲ್ಲ. ಐದನೇ ದಿನಕ್ಕೆ ಬಿಗುಮಾನ ಇಳಿದು ಭಯ ಶುರುವಾಯಿತು. ಎಂಟನೇ ದಿನ ಒಂದು ಯೂನಿಫಾರ್ಮಿಗೆ ಎರಡೂ ಎಡಗೈ ತೋಳನ್ನೇ ಕೂಡಿಸಿ ಇಸ್ತ್ರಿ ಹಾಕಿ ಮಡಚಿಟ್ಟಿದ್ದಳು. ಅದನ್ನು ನೋಡಿ ನನಗೆ ನಗು ಬರಲಿಲ್ಲ. "ಅವಳು ಇನ್ಮೇಲೆ ಹೀಗೇ ಇದ್ದುಬಿಟ್ರೆ ಏನ್ ಮಾಡ್ಲಿ?" ಎಂದು ಮೆಲ್ಲಗೆ ಕೇಳಿದಳು.

ಹನ್ನೆರಡನೇ ದಿನ ಭಾನುವಾರ. ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ಅಕ್ಕ ನನ್ನನ್ನೂ ಕರೆದುಕೊಂಡು ಸೀದಾ ಮಗಳ ಕೋಣೆಗೆ ಹೋಗಿ, "ನಂಗೂ ಆ ಆಟ ಕಲಿಸು. ಹಾಳು ಮಾಡಿದ್ದು ನಾನು, ನಾನೇ ಕಟ್ತೀನಿ" ಎಂದಳು. ಮಗಳು ಮಾತಾಡದೆ ಆ ಆಟವನ್ನು ಮತ್ತೆ ಇಳಿಸಿ ಹಾಕಿ, ರಿಮೋಟನ್ನು ಅಮ್ಮನ ಕೈಗೆ ಕೊಟ್ಟು, ಮಂಚದ ಮೇಲೆ ಕಾಲು ಚಾಚಿ ಕೂತಳು.

ಪರದೆಯ ಮೇಲೆ ಕಣ್ಣು ಹಾಯಿಸಿದಷ್ಟೂ ಬಯಲು. ಕಾಡು, ಗುಡ್ಡ, ಹೊಳೆ, ಎತ್ತ ಬೇಕಾದರೂ ಹೋಗಬಹುದು. ಅಕ್ಕ ಬಲಕ್ಕೆ ಹೋದಳು. ಮರ ಅಡ್ಡ ಬಂತು, ಹಳೇ ಆಟಗಳಲ್ಲಿಯಂತೆ ನಾಣ್ಯ ಉದುರೀತೆಂದು ಅದನ್ನು ತಲೆಯಿಂದ ಗುದ್ದಿದಳು. ಗುಡ್ಡ ಸಿಕ್ಕಿತು, ಪಕ್ಕದಲ್ಲೇ ಸಲೀಸಾದ ದಾರಿ ಇದ್ದರೂ ಇಪ್ಪತ್ತು ಸಲ ಹಾರಿ ಹಾರಿ ಅದನ್ನು ಹತ್ತಿದಳು, ಕೈ ಎತ್ತಿ ಎತ್ತಿ ಹೆಗಲು ನೋಯುವಷ್ಟು. ಕೊನೆಗೆ ಸಮುದ್ರ ಬಂತು.

"ಈಗ ಒಂದು ಹಲಗೆ ತೇಲ್ಕೊಂಡು ಬರತ್ತೆ, ನೋಡ್ತಿರು" ಎಂದು ದಡದಲ್ಲಿ ನಿಂತಳು. ಹಲಗೆ ಬರಲಿಲ್ಲ. ಹಾರಿದಳು, ಮುಳುಗಿದಳು. ಮೊದಲಿಂದ ಶುರು ಮಾಡಿದಳು. ಮತ್ತೆ ಬಲಕ್ಕೆ, ಮತ್ತೆ ಅದೇ ಮರ, ಮತ್ತೆ ಸಮುದ್ರ.

ಮೂರನೇ ಸಲ ಮುಳುಗಿದಾಗ ಮಗಳಿಗೆ ತಡೆಯಲಾಗಲಿಲ್ಲ. "ಅಮ್ಮಾ, ಎಡಗಡೆನೂ ಇದೆ!"

ಅಕ್ಕ ಪರದೆ ಬಿಟ್ಟು ತನ್ನ ಎಡಗಡೆಯ ಗೋಡೆಯತ್ತ ತಿರುಗಿದಳು. ಹುಡುಗಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ನನಗೆ ಮಾತ್ರ ಇಬ್ಬರಿಂದಲೂ ಉರಿನೋಟ ಸಿಕ್ಕಿತು.

ಅಕ್ಕ ರಿಮೋಟನ್ನು ಕೆಳಗಿಟ್ಟಳು. "ತಪ್ಪಾಯ್ತು ಕಣೆ. ನಿನ್ನನ್ನ ಕೇಳ್ಬೇಕಿತ್ತು. ಆ ಊರಲ್ಲಿ ಏನೇನಿತ್ತು? ಒಂದೊಂದೇ ಹೇಳು." ಅವಳ ಬಾಯಲ್ಲಿ ತಪ್ಪಾಯ್ತು ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದವನಲ್ಲ.

"ಬಿಡು ಹೋಗ್ಲಿ" ಎಂದಳು ಮಗಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಕಮಾನಿನ ಸೇತುವೆ. ಎರಡು ಮಹಡಿಯ ಗ್ರಂಥಾಲಯ. ಗಾಳಿಗೆ ತಿರುಗುವ ಗಿರಣಿ. ಅದರ ರೆಕ್ಕೆ ಸರಿಹೋಗಲು ಒಂದು ವಾರ ಹಿಡಿದಿತ್ತಂತೆ.

"ಮೊದಲು ಕಟ್ಟಿದ್ದು ಯಾವ್ದು?" ಎಂದು ಅಕ್ಕ ಕೇಳಿದಳು.

"ನಿನ್ನ ಅಂಗಡಿ."

"ನಂದಾ?"

"ಎರಡು ಮಿಷಿನ್ನು, ಬಟ್ಟೆ ಕತ್ತರಿಸೋ ಮೇಜು, ಎಲ್ಲಾ ಇತ್ತು. ಒಳಗೆ ನಿನ್ನನ್ನೂ ಇಟ್ಟಿದ್ದೆ."

ಅಕ್ಕನ ಮುಖ ಅರಳಿತು. "ಹೌದಾ? ಏನ್ ಮಾಡ್ತಿದ್ದೆ ನಾನು?"

"ಹೊಲೀತಿದ್ದೆ, ಗೋಡೆ ಕಡೆ ಮುಖ ಮಾಡ್ಕೊಂಡು. ನಾನು ಬಾಗಿಲಲ್ಲಿ ಎಷ್ಟು ಹೊತ್ತು ನಿಂತ್ರೂ ತಿರುಗ್ತಿರ್ಲಿಲ್ಲ." ಆಮೇಲೆ ಅಮ್ಮನ ಮುಖ ನೋಡಿ, "ಆ ಆಟದಲ್ಲಿ ಜನ ಹಾಗೆಲ್ಲ ತಿರುಗಲ್ಲಮ್ಮ, ಅಷ್ಟೇ" ಎಂದು ಅವಸರದಲ್ಲಿ ಸೇರಿಸಿದಳು.

ಆ ಕೋಣೆಯಲ್ಲಿದ್ದ ಮೂವರಿಗೂ ಅದು ಅಷ್ಟೇ ಅಲ್ಲವೆಂದು ಗೊತ್ತಿತ್ತು. ಅಕ್ಕ ರಿಮೋಟನ್ನು ಎತ್ತಿ ಮಗಳ ಕೈಗಿಟ್ಟಳು.

"ಮೊದಲು ಅದನ್ನೇ ಕಟ್ಟು. ಈ ಸಲ ನನ್ನನ್ನ ಬಾಗಿಲ ಕಡೆ ಮುಖ ಮಾಡಿ ಕೂರಿಸು."

ಮಗಳು ಕಾಲು ಮಡಚಿ ಪಕ್ಕಕ್ಕೆ ಸರಿದು, ಮಂಚದ ಮೇಲೆ ಅಮ್ಮನಿಗೆ ಜಾಗ ಮಾಡಿದಳು.