ಊಟದ ಸಾಲಿನಲ್ಲಿ ಒಂದು ಸ್ಟೂಲು

ಗಚ್ಚಿಬೌಲಿಯಲ್ಲಿ ನಮ್ಮ ಆಫೀಸಿನ ಕಡೆ ತಿರುಗುವ ಮೂಲೆಗೆ ಸಂಜೆಯಾದರೆ ಜೋಳದ ರೊಟ್ಟಿಯ ವಾಸನೆ ಬರುತ್ತದೆ. ಕಾದ ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಏಳುವ ಆ ಹಬೆಯ ವಾಸನೆ ಉಂಡವರಿಗೆ ಗೊತ್ತು. ಅಷ್ಟೊಂದು ಕ್ಯಾಬುಗಳ ಹೊಗೆಯ ನಡುವೆಯೂ ಮೂಗಿಗೆ ಬಂದು ಬಡಿಯುತ್ತದೆ. ಆ ಕ್ಯಾಬುಗಳನ್ನು ಹೊತ್ತಿಗೆ ಸರಿಯಾಗಿ ಕಳಿಸುವುದೇ ನನ್ನ ನೌಕರಿ, ಹಾಗಾಗಿ ಹೊಗೆಯ ಬಗ್ಗೆ ದೂರುವ ಹಕ್ಕು ನನಗಿಲ್ಲ. ಹೋದ ವಾರ ಅಲ್ಲಿ ಸ್ಕೂಟರ್ ನಿಲ್ಲಿಸಿದೆ. ಹಸಿವಾಗಿತ್ತು. ಹತ್ತಿರ ಹೋಗಿ ನೋಡಿದರೆ ಬಡಿಯುತ್ತಿದ್ದ ಹೆಂಗಸು ನಿಂತುಕೊಂಡೇ ಬಡಿಯುತ್ತಿದ್ದಳು.

ನಮ್ಮ ಮನೆಗಳಲ್ಲಿ ರೊಟ್ಟಿಯನ್ನು ಕೂತು ಬಡಿಯುತ್ತಾರೆ. ನಿಂತು ಬಡಿಯುವವಳನ್ನು ನಾನು ಮೊದಲು ನೋಡಿದ್ದು ಇಪ್ಪತ್ತು ವರ್ಷಗಳ ಹಿಂದೆ, ಬಾಲಾನಗರದ ನಮ್ಮ ಫುಟ್‌ಬಾಲ್ ಅಕಾಡೆಮಿಯ ಅಡುಗೆಮನೆಯಲ್ಲಿ...

ಕ್ಲಬ್ಬೇನೂ ದೊಡ್ಡದಲ್ಲ. ಕಾರ್ಖಾನೆಗಳ ನಡುವೆ ಒಂದು ಮೈದಾನ, ಅದರ ಪಕ್ಕಕ್ಕೆ ತಗಡಿನ ಉದ್ದನೆಯ ಶೆಡ್ಡು. ಮೊದಲ ತಂಡದವರು ತಮ್ಮ ತಮ್ಮ ಮನೆಗಳಿಂದ ಬೈಕಿನ ಮೇಲೆ ಬಂದು ಹೋಗುತ್ತಿದ್ದರು. ಶೆಡ್ಡಿನಲ್ಲಿ ಇರುತ್ತಿದ್ದವರು ಅಕಾಡೆಮಿಯ ಚಿಕ್ಕವರು ಮತ್ತು ರಿಸರ್ವ್ ತಂಡದ ನಾವು. ಮೊದಲ ತಂಡದವರು ಹಾಕಿ ಬಿಟ್ಟ ಜರ್ಸಿ ನಮಗೆ, ನಾವು ಹಾಕಿ ಬಿಟ್ಟದ್ದು ಚಿಕ್ಕವರಿಗೆ. ರಿಸರ್ವ್ ಅಂದರೇನು ಎಂದು ಅವ್ವ ಕೇಳಿದಾಗ, ‘ಮೊದಲನೇ ತಂಡದಾಗ ಯಾರಿಗರೆ ಜ್ವರ ಬರಲಿ ಅಂತ ಕಾಯೋರು’ ಎಂದಿದ್ದೆ. ‘ಹಂಗ ಕಾಯಬ್ಯಾಡೋ, ಪಾಪ ಹತ್ತತೈತಿ’ ಎಂದಿದ್ದಳು.

ನಮ್ಮ ಅಪ್ಪ ಸರ್ಕಾರಿ ನೌಕರ. ಬೀದರ ಕಡೆಯ ಮನೆತನ, ಅಜ್ಜನ ಕಾಲದಿಂದ ಕಾಚಿಗುಡದಲ್ಲೇ ವಾಸ. ಆಗ ಹೈದರಾಬಾದಿನಲ್ಲಿ ಓಣಿಗೊಬ್ಬ ಜಾವಾ ಕಲಿಯುತ್ತಿದ್ದ. ಅಮೀರ್‌ಪೇಟೆಯಲ್ಲಿ ಕಟ್ಟಡದ ಗೋಡೆ ಕಾಣದಷ್ಟು ಕಂಪ್ಯೂಟರ್ ಕೋರ್ಸಿನ ಬೋರ್ಡುಗಳು. ಅಂಥ ಕಾಲದಲ್ಲಿ ಮಗ ಚೆಂಡು ಒದೆಯುತ್ತೇನೆಂದು ಹೊರಟರೆ ಯಾವ ಅಪ್ಪ ಸುಮ್ಮನಿರುತ್ತಾನೆ? ಆದರೂ ನಮ್ಮಪ್ಪ ನ್ಯಾಯದ ಮನುಷ್ಯ. ‘ಒಂದು ವರ್ಷ ಕೊಡ್ತೀನಿ. ಅಷ್ಟರಾಗ ಮೊದಲನೇ ತಂಡಕ್ಕ ಹೋದಿ, ಆಡು. ಇಲ್ಲಂದ್ರ ಸುಮ್ನ ಬಂದು ಕೋರ್ಸಿಗೆ ಕುಂದರು’ ಎಂದರು. ನಾನು ಒಪ್ಪಿದೆ. ಹತ್ತೊಂಬತ್ತರ ವಯಸ್ಸಿಗೆ ಒಂದು ವರ್ಷ ಎಂದರೆ ಮುಗಿಯದಷ್ಟು ಉದ್ದ.

ಅಡುಗೆ ಅಕ್ಕ ಸೇಡಂ ಕಡೆಯವಳು. ಗಂಡ ಹೈಟೆಕ್ ಸಿಟಿಯ ಕಡೆ ಏಳುತ್ತಿದ್ದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಕಾಂಕ್ರೀಟಿಗೆ ಹಲಗೆ ಕಟ್ಟಲು, ಹೋಗುತ್ತಿದ್ದ. ಅಕ್ಕ ಸೊಂಟಮಟ್ಟದ ಕಲ್ಲಿನ ಕಟ್ಟೆಯ ಮುಂದೆ ನಿಂತು ನಮಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕಟ್ಟಿಗೆಯ ಒಂದು ಸ್ಟೂಲು. ಹತ್ತು ರೊಟ್ಟಿ ಬಡಿದು ಅದರ ಮೇಲೊಂದು ಗಳಿಗೆ ಕೂರುವಳು, ಮತ್ತೆ ಏಳುವಳು. ಪುಂಡಿ ಸೊಪ್ಪು ಬಿಡಿಸುವುದೂ ಅದರ ಮೇಲೆಯೇ. ಆಕೆ ನೆಲಕ್ಕೆ ಕೂತದ್ದನ್ನು ಯಾರೂ ಕಂಡವರಿಲ್ಲ. ಹುಡುಗರು ಆ ಸ್ಟೂಲಿಗೆ ರಾಣಿ ಸಾಹೇಬರ ಸಿಂಹಾಸನ ಎಂದು ಹೆಸರಿಟ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಶೆಡ್ಡಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ, ಉಳಿದವರದು ತೆಲುಗು, ಇಲ್ಲವೇ ಹಿಂದಿ. ಮೊದಲ ದಿನ ಬಾಯಿತಪ್ಪಿ ‘ಅಕ್ಕಾ, ಇನ್ನೊಂದು ರೊಟ್ಟಿ ಕೊಡ್ರಿ’ ಎಂದೆ. ಆಕೆ ಬುಟ್ಟಿ ಹಿಡಿದು ಹಾಗೇ ನಿಂತುಬಿಟ್ಟಳು. ‘ಅಯ್ಯ ನಮ್ಮಪ್ಪಾ, ನಮ್ಮವನ ಅದೀಯಲ್ಲೋ ನೀ!’ ಅಂದಿನಿಂದ ಎಲ್ಲರದೂ ಆದ ಮೇಲೆ ಕೊನೆಗೆ ಒಂದು ತೆಳುವಾದ ರೊಟ್ಟಿ, ಅದರ ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ ನನ್ನ ತಾಟಿಗೆ ಬೀಳುತ್ತಿತ್ತು. ಆ ಖಾರದ ಚಟ್ನಿಪುಡಿ ಬೇರೆ ಯಾರಿಗೂ ಇರಲಿಲ್ಲ. ತನ್ನ ಮನೆಯಿಂದ ಡಬ್ಬಿಯಲ್ಲಿ ತರುತ್ತಿದ್ದಳು.

ಊಟ ನೆಲದ ಮೇಲೆ. ಎರಡು ಸಾಲು ಜಮಖಾನ ಹಾಸಿ, ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂರಬೇಕು, ಒಟ್ಟಿಗೇ ಏಳಬೇಕು. ಇದು ಕೋಚ್ ಸಾಬರ ಕಾಯಿದೆ. ಅವರೂ ಸಾಲಿನ ತಲೆಗೆ ಕೂತು ನಮ್ಮೊಡನೆಯೇ ಉಣ್ಣುತ್ತಿದ್ದರು.

ಅಪ್ಪ ಕೊಟ್ಟ ವರ್ಷದಲ್ಲಿ ಹತ್ತು ತಿಂಗಳು ಮುಗಿದಿದ್ದವು. ಅಷ್ಟರಲ್ಲಿ ಮೊದಲ ತಂಡದಲ್ಲಿ ಎಡಬದಿಯ ರಕ್ಷಣೆಗೆ ಆಡುತ್ತಿದ್ದವನು ಗೋವಾದ ಯಾವುದೋ ಕ್ಲಬ್ಬಿಗೆ ಹೋದ. ಅದು ನನ್ನದೇ ಜಾಗ. ಮೂರು ವಾರದ ನಂತರದ ಭಾನುವಾರ ಮೊದಲ ತಂಡಕ್ಕೂ ನಮಗೂ ಪಂದ್ಯ ಆಡಿಸಿ, ಅಲ್ಲಿ ಒಬ್ಬನನ್ನು ಆರಿಸುವುದೆಂದು ಕೋಚ್ ಸಾಬ್ ಹೇಳಿದರು. ನನ್ನನ್ನು ನೋಡಿಕೊಂಡೇ ಹೇಳಿದರು. ಆ ವಾರವೇ ಬೆಳಗಿನ ಅಭ್ಯಾಸದಲ್ಲಿ ಬೂಟಿನ ಮುಳ್ಳು ನೆಲ ಕಚ್ಚಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಎಡ ಮೊಣಕಾಲಿನೊಳಗೆ ‘ಟಕ್’ ಎಂದಿತು. ಅದು ಕೇಳಿಸಿದ್ದು ನನಗೊಬ್ಬನಿಗೇ. ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಮೈದಾನದಲ್ಲಿ ಮುಚ್ಚಿಡುವುದು ಸುಲಭವಿತ್ತು. ಕ್ರೇಪ್ ಬ್ಯಾಂಡೇಜು ಬಿಗಿದು, ಮೇಲೆ ಉದ್ದ ಕಾಲುಚೀಲ ಎಳೆದುಕೊಂಡರೆ ಆಯಿತು. ಕಾಲು ಬಿಸಿಯಾದ ಮೇಲೆ ಓಟಕ್ಕೆ ತೊಂದರೆಯಿರಲಿಲ್ಲ. ಹಾಳಾದ್ದು ಕೂರುವುದೇ ಕಷ್ಟ. ಮೊಣಕಾಲು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಸಾಲಿನ ತುದಿಯ ಜಾಗ ಹಿಡಿದು, ಗೋಡೆಗೆ ಕೈಯೂರಿ ಇಳಿದು, ಎಡಗಾಲನ್ನು ಮುಂದಿನ ಸಾಲಿನವನ ಬೆನ್ನ ಹಿಂದೆ ಚಾಚುತ್ತಿದ್ದೆ. ಕೋಚ್ ಸಾಬ್ ಆ ತುದಿಗೆ, ನಾನು ಈ ತುದಿಗೆ. ಅವರಿಗೆ ಕಾಣಿಸುತ್ತಿರಲಿಲ್ಲ. ಆದರೆ ಬುಟ್ಟಿ ಹಿಡಿದು ಎದುರಿಗೇ ನಿಲ್ಲುತ್ತಿದ್ದ ಅಕ್ಕನಿಗೆ ಕಂಡಿತು.

‘ತಮ್ಮಾ, ಕಾಲಿಗೇನಾತು?’

‘ಏನಿಲ್ರಿ ಅಕ್ಕಾ, ಜೋಮು ಹಿಡದೈತಿ.’

‘ದಿನಾ ಅದ ಕಾಲಿಗೆ ಹಿಡಿತೈತೇನು ಜೋಮು?’

ತಾಟು ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಎಲ್ಲ ಹೇಳಿದೆ. ಭಾನುವಾರ, ಅಪ್ಪನ ವರ್ಷ, ಅಮೀರ್‌ಪೇಟೆ, ಎಲ್ಲ. ‘ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲು ಹಿಡೀತೀನಿ’ ಎಂದೆ. ಅಕ್ಕ ಕೈಗೆ ಹತ್ತಿದ ಹಿಟ್ಟನ್ನೆಲ್ಲ ಉಜ್ಜಿ ತೆಗೆದಳು. ಆಮೇಲೆ, ‘ನಾ ಹೇಳಂಗಿಲ್ಲ. ಸಾಹೇಬ್ರಿಗೆ ನೀನ ಹೇಳು. ಹೇಳ್ತೀಯಲ್ಲ?’ ಎಂದಳು. ಹೂಂ ಎಂದೆ. ಹೇಳುವ ಮಾತೇ ಇರಲಿಲ್ಲ. ಮರುದಿನ ಕಣ್ಣಲ್ಲೇ ಕೇಳಿದಳು. ಅದರ ಮರುದಿನವೂ ಕೇಳಿದಳು. ನಾನು ತಾಟು ನೋಡುತ್ತಾ ಉಂಡೆ.

ಭಾನುವಾರಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ಮಧ್ಯಾಹ್ನ ಊಟಕ್ಕೆ ಹೋದೆ. ಸಾಲಿನ ತುದಿಯಲ್ಲಿ, ನನ್ನ ಜಾಗದಲ್ಲಿ, ಜಮಖಾನದ ಮೇಲೆ ಅಕ್ಕನ ಸ್ಟೂಲು ಇತ್ತು. ಅದರ ಮುಂದೆ ಒಂದು ಖಾಲಿ ಡಬ್ಬ ಬೋರಲು ಹಾಕಿ, ಅದರ ಮೇಲೆ ನನ್ನ ತಾಟು.

ಸ್ಟೂಲು ಸರಿಸಲು ಬಗ್ಗುವಷ್ಟರಲ್ಲಿ ಕೋಚ್ ಸಾಬ್ ಬಂದರು. ‘ಯೇ ಸ್ಟೂಲ್ ಕಿಸ್ಕೆ ಲಿಯೇ?’ ಎಂದು ಕೇಳಿದರು. ಸ್ಟೂಲು ಯಾರಿಗೆ ಎಂದು. ಅಕ್ಕ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು, ಬಾಯಿ ಬಿಡಲಿಲ್ಲ. ಹೇಳುವುದಿಲ್ಲ ಎಂದು ಕೊಟ್ಟ ಮಾತನ್ನು ಹಾಗೆ ಉಳಿಸಿಕೊಂಡಳು. ಕೋಚ್ ಸಾಬ್ ತಾಟು ಯಾರ ಜಾಗದಲ್ಲಿದೆ ಎಂದು ನೋಡಿದರು, ನನ್ನನ್ನು ನೋಡಿದರು. ‘ನೀಚೆ ಬೈಠ್ ಕೆ ದಿಖಾವ್, ಮಿಯಾ’ ಎಂದರು. ನೆಲಕ್ಕೆ ಕೂತು ತೋರಿಸು ಎಂದು. ಗೋಡೆ ಮುಟ್ಟದೆ ಕೂರಲು ಹೋದೆ. ಅರ್ಧಕ್ಕೇ ಮೊಣಕಾಲು ಹಿಡಿದುಕೊಂಡಿತು. ಪಕ್ಕದವನ ಹೆಗಲ ಮೇಲೆ ಬಿದ್ದೆ.

ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೋಚ್ ಸಾಬ್ ಬೈಯಲಿಲ್ಲ. ಭಾನುವಾರದ ಪಟ್ಟಿಯಿಂದ ನನ್ನ ಹೆಸರು ತೆಗೆದು, ಮುಂದಿನ ವಾರ ಮೂಳೆ ಡಾಕ್ಟರಿಗೆ ತೋರಿಸಲು ಚೀಟಿ ಬರೆದುಕೊಟ್ಟರು. ನಾನು ನೇರ ಅಡುಗೆಮನೆಗೆ ನುಗ್ಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ ಅಷ್ಟೇ. ಅಷ್ಟು ದಿನ ರೀ ಹಚ್ಚಿ ಮಾತಾಡಿಸುತ್ತಿದ್ದವನು ಅಂದು, ‘ನಿನಗ್ಯಾಕ ಬೇಕಿತ್ತು ನನ್ನ ಉಸಾಬರಿ? ಕೂಳು ಹಾಕೋದಷ್ಟ ನಿನ್ನ ಕೆಲಸ, ಅಷ್ಟ ನೋಡ್ಕೊ’ ಎಂದುಬಿಟ್ಟೆ. ಅಕ್ಕ ತಿರುಗಿ ನೋಡದೆ ರೊಟ್ಟಿ ಮಗುಚಿದಳು. ‘ಬೈ ತಮ್ಮಾ. ಬೈದರ ಕಾಲೇನು ಮುರಿಯಂಗಿಲ್ಲ’ ಎಂದಳು.

ಭಾನುವಾರ ಜಾಗ ಇನ್ನೊಬ್ಬನಿಗೆ ಹೋಯಿತು. ಸೋಮವಾರ ಕ್ಲಬ್ಬಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ನಮ್ಮನ್ನೆಲ್ಲ ಕೂರಿಸಿಕೊಂಡು ಹಿಂದಿಯಲ್ಲಿ ಮಾತಾಡಿದ. ಹೊರದೇಶದ ಅಕಾಡೆಮಿಗಳಲ್ಲಿ ಆಟಗಾರರು ರೊಟ್ಟಿ-ಪಲ್ಯ ಉಣ್ಣುವುದಿಲ್ಲ, ನೆಲದ ಮೇಲಂತೂ ಕೂರುವುದೇ ಇಲ್ಲ ಎಂದ. ದೊಡ್ಡ ಐ.ಟಿ. ಕಂಪನಿಗಳಿಗೆ ಊಟ ಕೊಡುವ ಕ್ಯಾಟರಿಂಗಿನವರನ್ನು ಮಾತಾಡಿಸಿದ್ದಾನಂತೆ. ಟೇಬಲ್, ಕುರ್ಚಿ, ಮೊಟ್ಟೆ, ಮೊಳಕೆ ಕಾಳು. ‘ಯಾರಿಗೆ ಬೇಕು, ಕೈ ಎತ್ತಿ’ ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೈ ಎತ್ತಿರಲಿಲ್ಲ. ಮೊದಲು ಎತ್ತಿದವನು ನಾನು. ಎತ್ತಿದ ಮೇಲೆ ಬಾಗಿಲ ಕಡೆ ನೋಡಿದೆ. ಅಕ್ಕ ರೊಟ್ಟಿಯ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. ಹಿಂದಿ ಆಕೆಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ನನ್ನ ನೋಡಿ ಉಳಿದ ಕೈಗಳೂ ಒಂದೊಂದಾಗಿ ಎದ್ದವು.

ಆಮೇಲೆ ಊಟ. ಅಕ್ಕ ಎಲ್ಲರಿಗೂ ಬಡಿಸಿದಳು. ಕೊನೆಗೆ ನನ್ನ ತಾಟಿಗೆ ತೆಳುವಾದ ಒಂದು ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ, ಎಂದಿನಂತೆ. ನಾನು ಅದನ್ನು ತಿನ್ನದೆ ಎದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಡಾಕ್ಟರು ಮೊಣಕಾಲನ್ನು ಅತ್ತಿತ್ತ ತಿರುಗಿಸಿ, ಸ್ಕ್ಯಾನಿನ ಫಿಲ್ಮು ಬೆಳಕಿಗೆ ಹಿಡಿದು ನೋಡಿದರು. ಮೂಳೆಗಳ ನಡುವಿನ ಗಾದಿ ಹರಿದಿದೆ ಎಂದರು. ಇನ್ನೊಮ್ಮೆ ಜೋರಾಗಿ ತಿರುಚಿದ್ದರೆ ಆಟ ಹಾಗಿರಲಿ, ನೆಟ್ಟಗೆ ನಡೆಯುವುದೂ ಅನುಮಾನವಿತ್ತು ಎಂದರು. ‘ಒಳ್ಳೆಯ ಹೊತ್ತಿಗೆ ಬಂದೆ’ ಎಂದು ನನ್ನ ಬೆನ್ನು ತಟ್ಟಿದರು, ನಾನೇ ಬಂದವನಂತೆ. ಆಪರೇಷನ್ ಆಯಿತು. ಎರಡು ತಿಂಗಳು ಮನೆಯಲ್ಲಿ ಮಲಗಿದೆ. ಆಟ ಹೋಯಿತು, ಕಾಲು ಉಳಿಯಿತು. ಮಲಗಿದ್ದಾಗ ಒಂದು ದಿನ ಅವ್ವನಿಗೆ ಎಲ್ಲವನ್ನೂ ಹೇಳಿದೆ, ಕೈ ಎತ್ತಿದ್ದನ್ನೂ ಹೇಳಿದೆ. ಅವ್ವ ಎದ್ದುಹೋಗಿ ಶೇಂಗಾ ಹುರಿಯತೊಡಗಿದಳು. ‘ಹೋಳಿಗೆ ಮಾಡಿ ಕೊಡ್ತೀನಿ. ಹೋಗಿ ಆಕೀ ಕಾಲಿಗೆ ಬಿದ್ದು ಬಾ’ ಎಂದಳು.

ನಡೆಯಲು ಬಂದ ಮೊದಲ ವಾರವೇ ಹೋಳಿಗೆಯ ಡಬ್ಬಿ ಹಿಡಿದು ಬಾಲಾನಗರಕ್ಕೆ ಹೋದೆ. ಶೆಡ್ಡಿನಲ್ಲಿ ಟೇಬಲ್ಲು, ಕುರ್ಚಿ ಬಂದಿದ್ದವು. ಹುಡುಗರು ಚಮಚದಲ್ಲಿ ಉಣ್ಣುತ್ತಿದ್ದರು. ಟೇಬಲ್ಲಿನ ಕೆಳಗೆ ಯಾರ ಕಾಲು ಹೇಗಿದೆಯೋ ಯಾರಿಗೆ ಗೊತ್ತು? ಅಡುಗೆಮನೆಗೆ ಬೀಗ ಹಾಕಿತ್ತು.

ಗೇಟಿನ ವಾಚ್‌ಮನ್ ಹೇಳಿದ. ಅಕ್ಕ ಮೊದಲು ಗಂಡನ ಜೊತೆ ಕಟ್ಟಡದ ಕೆಲಸದಲ್ಲೇ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳಂತೆ. ಮೊಣಕಾಲು ನೋಯತೊಡಗಿದಾಗ, ಹೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆಂದು ಬಟ್ಟೆ ಬಿಗಿದು ಮುಚ್ಚಿಟ್ಟು ದುಡಿದಳಂತೆ. ಒಂದು ದಿನ ಬುಟ್ಟಿಯ ಸಮೇತ ಕುಸಿದಳು. ಅಂದಿನಿಂದ ಆಕೆಗೆ ನೆಲಕ್ಕೆ ಕೂರಲು ಬರುವುದಿಲ್ಲ. ಬಹಳ ಹೊತ್ತು ನಿಲ್ಲಲೂ ಬರುವುದಿಲ್ಲ, ಅದಕ್ಕೇ ಆ ಸ್ಟೂಲು. ನನಗಾಗಿ ಅದನ್ನು ಸಾಲಿಗೆ ತಂದಿಟ್ಟ ದಿನ ಅಕ್ಕ ಊಟದ ಉದ್ದಕ್ಕೂ ನಿಂತೇ ಇದ್ದಳು ಎಂಬುದು ನನಗೆ ಹೊಳೆದದ್ದು ಆಗ.

‘ಸ್ಟೂಲು ಎಲ್ಲಿ?’ ಎಂದು ಕೇಳಿದೆ. ಅದು ಆಕೆಯದೇ, ತಲೆಯ ಮೇಲಿಟ್ಟುಕೊಂಡು ಹೋದಳು ಎಂದ. ಎಲ್ಲಿಗೆಂದು ಅವನಿಗೆ ಗೊತ್ತಿರಲಿಲ್ಲ. ಗಂಡನ ಕೆಲಸ ಗಚ್ಚಿಬೌಲಿಯ ಕಡೆ ಹೋಗಿತ್ತಂತೆ... ಹೋಳಿಗೆ ವಾಚ್‌ಮನ್ನನಿಗೆ ಕೊಟ್ಟು ಬಂದೆ. ಅಮೀರ್‌ಪೇಟೆಯ ಕೋರ್ಸಿಗೆ ಸೇರಿದೆ, ಅರ್ಧಕ್ಕೆ ಬಿಟ್ಟೆ, ಆ ಕತೆ ಬೇಡ. ನಡುನಡುವೆ ಗಚ್ಚಿಬೌಲಿಯ ಕೂಲಿಗಳ ಶೆಡ್ಡುಗಳಲ್ಲಿ ನಾಲ್ಕಾರು ಸಲ ವಿಚಾರಿಸಿದೆ. ಕಟ್ಟಡ ಮುಗಿದಂತೆ ಶೆಡ್ಡುಗಳೇ ಇರುತ್ತಿರಲಿಲ್ಲ, ಅಲ್ಲಿದ್ದವರು ಎಲ್ಲಿ ಸಿಗಬೇಕು?

ಹೋದ ವಾರ ರೊಟ್ಟಿ ತೆಗೆದುಕೊಳ್ಳುತ್ತಾ, ಬಡಿಯುತ್ತಿದ್ದವಳಿಗೆ ‘ಯಾವೂರ್ರಿ ನಿಮ್ಮದು?’ ಎಂದು ಕನ್ನಡದಲ್ಲಿ ಕೇಳಿದೆ. ಆಕೆ ತಲೆಯೆತ್ತಿ ನಕ್ಕಳು. ‘ಯಾದಗಿರಿ ರೀ ಅಣ್ಣಾರ. ನೀವೂ ನಮ್ಮವರ ಏನ್ರಿ?’ ನಾನು ಅಕ್ಕನ ವಿಷಯ ಹೇಳಿದೆ. ಸೇಡಂ ಕಡೆಯವಳು, ಹಿಂದೆ ಬಾಲಾನಗರದಲ್ಲಿ ಅಡುಗೆ ಮಾಡುತ್ತಿದ್ದಳು, ಗಂಡ ಸೆಂಟ್ರಿಂಗ್ ಕೆಲಸದವ, ಮೊಣಕಾಲು ನೋವು. ಆಕೆ ಕಿವಿಗೊಟ್ಟು ಕೇಳಿದಳು.

‘ಸೇಡಂದೋರು ಇಲ್ಲಿ ಭಾಳ ಮಂದಿ ಅದಾರ್ರಿ. ಕೇಳಿ ನೋಡ್ತೀನಿ. ಹೆಸರೇನ್ರಿ ಆಕೀದು?’

ನಾನು ಬಾಯಿ ತೆರೆದೆ... ಹನ್ನೊಂದು ತಿಂಗಳು ಆಕೆಯ ಕೈಯ ರೊಟ್ಟಿ ಉಂಡಿದ್ದೆ. ‘ಅಕ್ಕ ಅಂತಿದ್ವಿ ರೀ’ ಎಂದೆ.

‘ಅಯ್ಯ, ಇಲ್ಲಿ ಎಲ್ಲಾರೂ ಅಕ್ಕಗೋಳ ಅಲ್ಲೇನ್ರಿ? ಹೆಸರಿಲ್ಲಂದ್ರ ಹ್ಯಾಂಗ ಹುಡುಕೋದು?’ ಎಂದು ನಕ್ಕು, ಕಾಲಲ್ಲೇ ಒಂದು ಪ್ಲಾಸ್ಟಿಕ್ ಸ್ಟೂಲು ನನ್ನ ಕಡೆ ತಳ್ಳಿದಳು. ‘ಕುಂದರ್ರಿ, ಬಿಸೀದು ಕೊಡ್ತೀನಿ.’

ಸ್ಟೂಲನ್ನು ಆಕೆಯ ಕಡೆಗೇ ಸರಿಸಿದೆ. ಫುಟ್‌ಪಾತಿನ ಮೇಲೆ, ನೆಲಕ್ಕೆ, ಚಕ್ಕಳಮಕ್ಕಳ ಹಾಕಿ ಕೂತೆ. ಆಫೀಸಿನವರು ಯಾರಾದರೂ ನೋಡಿದ್ದರೆ ನಗುತ್ತಿದ್ದರೇನೋ, ನಗಲಿ. ಎರಡು ರೊಟ್ಟಿ ಉಂಡೆ. ಕೈಯೂರದೆ ಎದ್ದೆ. ಎಡಗಾಲು ಒಂಚೂರೂ ನೋಯಲಿಲ್ಲ. ಅದನ್ನು ಹೇಳಬೇಕಾದವಳ ಹೆಸರು ನನಗೆ ಗೊತ್ತಿಲ್ಲ.