ಒಂದೇ ಪಂಕ್ತಿಯ ಸಾಮ್ರಾಜ್ಯ

ವಿದ್ಯಾರಣ್ಯಪುರಂನ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಎಲ್ಲೂ ಇಲ್ಲದ ಒಂದು ಹಳೆಯ ಸಾಮ್ರಾಜ್ಯದ ಚರಿತ್ರೆಯನ್ನು ತಾವೇ ಕಲ್ಪಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅಲ್ಲಿ ಏಳು ಜನಾಂಗ, ಏಳು ಭಾಷೆ. ಊಟಕ್ಕೆ ಮಾತ್ರ ಒಂದೇ ಪಂಕ್ತಿ. ಪೇಪರಿನಲ್ಲಿ ಜಾತಿ ಜಗಳದ ಸುದ್ದಿ ಕಂಡಾಗಲೆಲ್ಲ ಕನ್ನಡಕ ತೆಗೆದು, "ನಮ್ಮ ಸಾಮ್ರಾಜ್ಯದಲ್ಲಿ ಹಂಗಿಲ್ಲ ಕಣ್ರೀ" ಎನ್ನುತ್ತಿದ್ದರು.

ಬೇರೆ ಜಾತಿಯವನನ್ನು ಮದುವೆಯಾಗಿದ್ದ ಅವರ ಮಗಳು ಒಂದು ಯುಗಾದಿಗೆ ಗಂಡನ ಜೊತೆ ಬಂದಳು. ಮೇಷ್ಟ್ರು ಮಗಳಿಗೆ ಒಳಗೆ ಎಲೆ ಹಾಕಿಸಿದರು, ಅಳಿಯನಿಗೆ ಜಗಲಿಯಲ್ಲಿ. ಅವಳು ತನ್ನ ಎಲೆಯನ್ನು ಜಗಲಿಗೆ ತಂದು ಗಂಡನ ಪಕ್ಕ ಹಾಕಿಕೊಂಡಳು. "ನಿಮ್ಮ ಸಾಮ್ರಾಜ್ಯದಲ್ಲಿ ಹಿಂಗಿರ್ಲಿಲ್ವಲ್ಲಪ್ಪ" ಎಂದಳು. ಮೇಷ್ಟ್ರು ಕನ್ನಡಕ ತೆಗೆದರು, ಒಳಗೆ ಹೋದರು. ಅವಳು ಮತ್ತೆ ಬರಲಿಲ್ಲ.

ಅವರು ತೀರಿಕೊಂಡ ಮೇಲೆ ಆ ನೋಟ್‌ಬುಕ್ಕು ನನ್ನ ಕೈಗೆ ಬಂತು. ಕೊನೆಯ ಪುಟದಲ್ಲಿ ಚಕ್ರವರ್ತಿ ಜಗಲಿಯಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ.